ಕುಳಿತ ಅಳತೆಗೆ ಹೊಲಿದ ಚೂಡಿದಾರ

ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯ ಈ ಹೊಲಿಗೆ ಅಂಗಡಿಗೆ ನಾನು ಋಣಿ. ಟೈಲರ್ ಅಕ್ಕ ನನ್ನ ತಂಗಿಯ ಅಳತೆಯನ್ನು ಗಾಲಿಕುರ್ಚಿಯಲ್ಲಿ ಕುಳಿತಂತೆಯೇ ತೆಗೆದುಕೊಂಡರು. ಇಷ್ಟು ವರ್ಷ ಎಲ್ಲರೂ ಮಲಗಿಸಿ ಅಳೆಯುತ್ತಿದ್ದರು. ಪ್ಯಾಂಟಿನ ಸೊಂಟ ಹಿಂದೆ ಎತ್ತರ, ಮುಂದೆ ತಗ್ಗು. ಕೂರುವ ಭಾಗದಲ್ಲಿ ದಪ್ಪ ಹೊಲಿಗೆಯೇ ಇಲ್ಲ. ಅಂಥ ಹೊಲಿಗೆ ಇದ್ದರೆ ಸ್ಪರ್ಶ ತಿಳಿಯದ ಚರ್ಮಕ್ಕೆ ಒತ್ತಿ ಹುಣ್ಣಾಗುತ್ತದೆ. ಜೇಬು ತೊಡೆಯ ಮೇಲಿದೆ. ಗುಂಡಿಯ ಬದಲು ವೆಲ್ಕ್ರೋ ಇದೆ, ಒಗೆಯುವ ಮುನ್ನ ಅಂಟಿಸಿಡದಿದ್ದರೆ ಬೇರೆ ಬಟ್ಟೆಯ ದಾರ ಕೀಳುತ್ತದೆ. ನೈಕಿ ಕಂಪನಿ 2015ರಲ್ಲೇ ಅಂಗವಿಕಲರಿಗೂ ಸುಲಭವಾಗುವಂತೆ ಲೇಸು ಕಟ್ಟಬೇಕಿಲ್ಲದ ಫ್ಲೈಈಸ್ ಶೂ ತಂದಿತ್ತು. ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರ ಈ ಜಿಲ್ಲೆಯಲ್ಲಿ ಇಂಥ ಉಡುಪಿಗಾಗಿ ನಾವು ಇಷ್ಟು ಅಲೆಯಬೇಕಾಯಿತಲ್ಲ ಎಂಬ ನೋವು ನನಗಿದೆ. ಅಂಗಡಿಯ ಎರಡು ಮೆಟ್ಟಿಲುಗಳಿಗೆ ಇಳಿಜಾರು ಬೇಕೇ ಬೇಕು. ಕೂಲಿ 450 ರೂಪಾಯಿ. ಬಣ್ಣವನ್ನು ಅಕ್ಕ ನನ್ನನ್ನು ಕೇಳಲಿಲ್ಲ, ತಂಗಿಯನ್ನೇ ಕೇಳಿದರು. ಅವಳು ದಾಸವಾಳದ ಕೆಂಪು ಆರಿಸಿದಳು.