ಸಿಗಾರ್ ಪೆಟ್ಟಿಗೆಯ ಬೇಸ್ ಗಿಟಾರ್: ಎರಡೂವರೆ ವರ್ಷ ನುಡಿಸಿದ ಮೇಲೆ

ನಾವಿರುವುದು ಒಹಾಯೋದ ಕೊಲಂಬಸ್‌ನಲ್ಲಿ. ಮನೆ ಹತ್ತಿರದ ಸಿಗಾರ್ ಅಂಗಡಿಯಲ್ಲಿ ಖಾಲಿ ಪೆಟ್ಟಿಗೆಗಳನ್ನು ಬಾಗಿಲ ಬಳಿ ಪೇರಿಸಿಟ್ಟಿರುತ್ತಾರೆ. ಐದು ಡಾಲರ್ ಕೊಟ್ಟು ಒಂದನ್ನು ತಂದೆ. ಇವತ್ತಿಗೂ ಮುಚ್ಚಳ ತೆರೆದರೆ ಸೀಡರ್ ಮರದ ವಾಸನೆ ಬರುತ್ತದೆ. ಮರಗೆಲಸ ನನಗೆ ಹೊಸದು. ಗರಗಸ, ಅರ, ಒಂದು ಡ್ರಿಲ್, ಇಷ್ಟೇ ಕೈಲಿದ್ದದ್ದು. ಎರಡು ತಂತಿಯ ಬೇಸ್, ಅಂದರೆ ಕೆಳಸ್ವರದ ಗಿಟಾರ್, ಮಾಡೋಣ ಅಂತ ಹೊರಟೆ. ಪೆಟ್ಟಿಗೆ, ತಂತಿ, ಬಿರಡೆ, ಮರ ಎಲ್ಲಾ ಸೇರಿ ಮೊದಲ ಸುತ್ತಿಗೆ ಸುಮಾರು 90 ಡಾಲರ್ ಆಯಿತು.

ಮೂರು ತಿಂಗಳಿಗೆ ದಂಡಿ, ಅಂದರೆ ತಂತಿಗಳು ಚಾಚಿಕೊಂಡಿರುವ ಉದ್ದನೆಯ ಕೋಲು, ಬಾಗಿತು. ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು.

ಸಿಗಾರ್ ಪೆಟ್ಟಿಗೆ ಗಿಟಾರ್‌ಗೆ ಎಲ್ಲರೂ ಹೇಳುವ ಮರ 'ಒನ್ ಬೈ ಟೂ'. ಹೆಸರು ಒಂದು ಇಂಚು, ಎರಡು ಇಂಚು ಅಂತಿದ್ದರೂ ಅದರ ದಪ್ಪ ನಿಜಕ್ಕೂ 19 ಮಿಲಿಮೀಟರ್, ಅಗಲ 38. ನಾನು ಓಕ್ ಮರದ್ದು ತಂದಿದ್ದೆ. ಸಪೂರ ಗಿಟಾರ್ ತಂತಿ ಮೂರು ಹಾಕಿದರೆ ಇದು ತಡೆಯುತ್ತದೆ. ಬೇಸ್ ತಂತಿಯ ಲೆಕ್ಕವೇ ಬೇರೆ. 30 ಇಂಚಿನ ಉದ್ದಕ್ಕೆ ಒಂದೊಂದು ತಂತಿಯೂ ಸುಮಾರು 15 ಕಿಲೋ ಎಳೆಯುತ್ತದೆ. ಎರಡು ತಂತಿ ಅಂದರೆ ಒಂದು ದೊಡ್ಡ ಅಕ್ಕಿ ಮೂಟೆಯನ್ನು ಹಗಲೂ ರಾತ್ರಿ ಆ ಕೋಲಿಗೆ ನೇತು ಹಾಕಿದ ಹಾಗೆ. ಮೊದಮೊದಲು ಏನೂ ಗೊತ್ತಾಗಲಿಲ್ಲ. ಆಮೇಲೆ ಏಳನೇ ಫ್ರೆಟ್ (ವೀಣೆಯ ಮೆಟ್ಟಿನಂಥ ಅಡ್ಡಪಟ್ಟಿ) ಹತ್ತಿರ ತಂತಿ ಒತ್ತಲು ಬೆರಳು ನೋಯತೊಡಗಿತು. ಉಕ್ಕಿನ ಸ್ಕೇಲ್ ಇಟ್ಟು ನೋಡಿದರೆ ನಡುವಿನ ಸಂದಿಯಲ್ಲಿ ಎರಡು ನಾಣ್ಯ ಒಟ್ಟಿಗೆ ನುಸುಳಿದವು.

ಎರಡನೇ ದಂಡಿಯನ್ನು ಮೇಪಲ್‌ನಲ್ಲಿ ಮಾಡಿದೆ. ಮಧ್ಯೆ ಉದ್ದಕ್ಕೂ ಕಾಲುವೆಯ ಹಾಗೆ ತೋಡಿ ಉಕ್ಕಿನ ಪಟ್ಟಿ ಕೂರಿಸಿ, ಮೇಲೆ 6 ಮಿಲಿಮೀಟರ್ ಹಲಗೆ ಅಂಟಿಸಿದೆ. ಒಂದು ರಾತ್ರಿ ಪೂರ್ತಿ ಕ್ಲಾಂಪ್‌ನಲ್ಲಿ ಬಿಟ್ಟೆ. ಇದಕ್ಕೆ ಇನ್ನೂ 40 ಡಾಲರ್ ಹೋಯಿತು. ಆದರೆ ಎರಡು ಚಳಿಗಾಲ ಕಳೆದರೂ ದಂಡಿ ನೇರವಾಗಿದೆ. ಇಲ್ಲಿ ಜನವರಿಯಲ್ಲಿ ಹೀಟರ್ ಹಾಕಿದ ಮನೆಯಲ್ಲಿ ಗಾಳಿ ಎಷ್ಟು ಒಣಗುತ್ತದೆ ಅಂದರೆ ತುಟಿ ಒಡೆಯುತ್ತದೆ, ಮರವೂ ಕುಗ್ಗುತ್ತದೆ. ಆಗ ಫ್ರೆಟ್‌ಗಳ ತುದಿ ಅಂಚಿನಿಂದ ಹೊರಗೆ ಚಾಚಿ ಕೈಗೆ ಗೀರುತ್ತದೆ. ಅರದಿಂದ ಒಮ್ಮೆ ಉಜ್ಜಿದರೆ ಸಾಕು.

ಅಮೆರಿಕದಲ್ಲಿ ಸಿಗಾರ್ ಪೆಟ್ಟಿಗೆಯ ವಾದ್ಯ ತುಂಬಾ ಹಳೆಯದು. ಎಡ್ವಿನ್ ಫೋರ್ಬ್ಸ್ ಎಂಬ ಕಲಾವಿದ 1876ರಲ್ಲಿ ಮಾಡಿದ ಒಂದು ಚಿತ್ರವಿದೆ. ಅಂತರ್ಯುದ್ಧದ ಶಿಬಿರದಲ್ಲಿ ಒಬ್ಬ ಸೈನಿಕ ಇಂಥದೇ ಪೆಟ್ಟಿಗೆಯ ಪಿಟೀಲು ನುಡಿಸುತ್ತಿದ್ದಾನೆ. ತೆಳುವಾದ ಒಣಗಿದ ಮರ, ಅದೂ ಬಿಟ್ಟಿ ಸಿಗುವಂಥದ್ದು. ಪಿಟೀಲಿಗೆ, ಬ್ಯಾಂಜೋಗೆ ಅದು ಸರಿಹೋಗುತ್ತಿತ್ತು. ಬೇಸ್‌ನ ಭಾರ ಹೊರಲು ಪೆಟ್ಟಿಗೆಗೂ ಸ್ವಲ್ಪ ಸಹಾಯ ಬೇಕು. ನನ್ನದರ ಮುಚ್ಚಳ ಕುದುರೆಯ (ತಂತಿಗಳನ್ನು ಎತ್ತಿ ಹಿಡಿಯುವ ಆಸರೆ) ಕೆಳಗೆ ತಗ್ಗಾಗಿ, ಪೆಟ್ಟಿಗೆಯೊಳಗೆ ಹಾದುಹೋಗುವ ದಂಡಿಗೆ ತಾಗಿತ್ತು, ನಾದವೇ ಸತ್ತುಹೋಗಿತ್ತು. ಒಳಗಿನಿಂದ ಒಂದು ಅಡ್ಡಪಟ್ಟಿ ಅಂಟಿಸಿದ ಮೇಲೆ ಸರಿಯಾಯಿತು.

ಕುದುರೆ ಅಂದಾಗ ಅಮ್ಮನ ವಿಷಯ ಹೇಳಲೇಬೇಕು. ಅಮ್ಮ ಮೈಸೂರಿನಲ್ಲಿ ವೀಣೆ ಕಲಿತವರು. ವಿಡಿಯೋ ಕಾಲ್‌ನಲ್ಲಿ ನುಡಿಸಿ ತೋರಿಸಿದೆ. ಎರಡು ಸಾಲು ಕೇಳಿ, "ಕೆಳಗೆ ಶ್ರುತಿ ಸರಿಯಿದೆ, ಮೇಲಕ್ಕೆ ಹೋದ ಹಾಗೆ ಏರುತ್ತಿದೆ ಕಣೇ. ಕುದುರೆ ಸರಿಸಿ ನೋಡು" ಅಂದರು. ಅಂಟಿಸದೆ ಬರೀ ತಂತಿಯ ಒತ್ತಡಕ್ಕೆ ನಿಂತ ಬೋಲ್ಟ್ ಅದು, ಹಾಗಾಗಿ ಸರಿಸುವುದು ಸುಲಭ. ಹನ್ನೆರಡನೇ ಫ್ರೆಟ್ ಒತ್ತಿದಾಗಿನ ಸ್ವರ, ಅಲ್ಲೇ ತಂತಿಯನ್ನು ಹಗುರವಾಗಿ ಮುಟ್ಟಿದಾಗಿನ ಸ್ವರ, ಎರಡೂ ಒಂದೇ ಆಗುವವರೆಗೆ ಹಿಂದಕ್ಕೆ ಸರಿಸಿದೆ. 3 ಮಿಲಿಮೀಟರ್ ಸಾಕಾಯಿತು. ಫ್ರೆಟ್ ಗುರುತು ಹಾಕುವಾಗ ಮಾತ್ರ ಪ್ರತಿಯೊಂದನ್ನೂ ದಂಡಿಯ ಮೇಲ್ಗಡೆ ತಂತಿ ಕೂರುವ ಪಟ್ಟಿಯಿಂದಲೇ (ನಟ್) ಅಳೆಯಿರಿ. 30 ಇಂಚಿಗೆ, ಅಂದರೆ 762 ಮಿಲಿಮೀಟರ್‌ಗೆ, ಮೊದಲ ಫ್ರೆಟ್ 42.8ಕ್ಕೆ ಬರುತ್ತದೆ, ಹನ್ನೆರಡನೆಯದು 381ಕ್ಕೆ. ಒಂದು ಫ್ರೆಟ್‌ನಿಂದ ಇನ್ನೊಂದಕ್ಕೆ ಅಳೆಯುತ್ತಾ ಹೋದರೆ ಸಣ್ಣ ತಪ್ಪುಗಳೆಲ್ಲಾ ಕೂಡಿಕೊಂಡು ಕೊನೆಯಲ್ಲಿ ದೊಡ್ಡದಾಗುತ್ತವೆ. ನನ್ನ ಮೊದಲ ದಂಡಿಯಲ್ಲಿ ಹಾಗೇ ಆಗಿತ್ತು.

ಇಷ್ಟು ಚಿಕ್ಕ ಪೆಟ್ಟಿಗೆಯಿಂದ ಬೇಸ್‌ನ ಕೆಳಸ್ವರ ತಾನಾಗಿ ಹೊರಡುವುದಿಲ್ಲ, ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್ ಬೇಕೇ ಬೇಕು. ನಾನು ಮುಚ್ಚಳದ ಒಳಗೆ 27 ಮಿಲಿಮೀಟರ್ ಪೀಜೋ ಬಿಲ್ಲೆ ಅಂಟಿಸಿದ್ದೇನೆ. ಅದರ ಬೆಲೆ ಒಂದು ಡಾಲರ್ ಕೂಡ ಇಲ್ಲ. ಎಂಟನೇ ತಿಂಗಳಲ್ಲಿ ಅದರ ವೈರ್ ಬೆಸುಗೆಯಲ್ಲೇ ತುಂಡಾಯಿತು. ಈಗ ಬೆಸುಗೆಯ ಮೇಲೆ ಹಾಟ್ ಗ್ಲೂ ಹಾಕಿದ್ದೇನೆ, ಮತ್ತೆ ತೊಂದರೆ ಆಗಿಲ್ಲ. ಪೀಜೋವನ್ನು ಸುಮ್ನೆ ಮಿಕ್ಸರ್‌ನ ಮಾಮೂಲಿ ಲೈನ್ ಸಾಕೆಟ್‌ಗೆ ಚುಚ್ಚಿದರೆ ಸದ್ದು ತಗಡಿನ ಹಾಗೆ ಬರುತ್ತದೆ. ಕೆಳಸ್ವರವೆಲ್ಲಾ ಅಲ್ಲೇ ಸೋರಿಹೋಗುತ್ತದೆ. ಮಧ್ಯೆ ಒಂದು ಮೆಗಾಓಮ್ ಅಥವಾ ಅದಕ್ಕಿಂತ ಜಾಸ್ತಿ ಇನ್‌ಪುಟ್ ರೋಧ ಇರುವ ಪುಟ್ಟ ಪ್ರೀಆಂಪ್ (ಸಂಕೇತವನ್ನು ಮೊದಲೇ ಬಲಪಡಿಸುವ ಸಾಧನ) ಇಟ್ಟ ದಿನ ನನಗೆ ಅಳು ಬರುವಷ್ಟು ಖುಷಿಯಾಯಿತು. ಕಿಟಕಿ ಗಾಜು ಗುಂಯ್ ಅಂದಿತ್ತು! ಪೆಟ್ಟಿಗೆಯೊಳಗೆ ಹಳೇ ಟವೆಲ್ ತುರುಕಿದರೆ, ಸ್ಪೀಕರ್‌ನ ಸದ್ದು ಮತ್ತೆ ಪಿಕಪ್‌ಗೆ ಸೇರಿ ಬರುವ ಕೂಗಾಟವೂ ಕಡಿಮೆಯಾಗುತ್ತದೆ.

ಮೊದಲು ಎರಡು ತಂತಿಯನ್ನು ಎ ಮತ್ತು ಡಿ ಸ್ವರಗಳಿಗೆ ಶ್ರುತಿ ಮಾಡುತ್ತಿದ್ದೆ. ಒಂದು ವರ್ಷದಿಂದ ಎ ತಂತಿಯನ್ನು ಜಿಗೆ ಇಳಿಸಿದ್ದೇನೆ. ಜಿ ಷಡ್ಜ, ಡಿ ಪಂಚಮ. ಆ ತಂತಿಯ ಎಳೆತ ಐದರಲ್ಲಿ ಒಂದು ಪಾಲು ತಗ್ಗಿತು, ದಂಡಿಗೂ ಆರಾಮ. ಶನಿವಾರ ಸಂಜೆ ಗೆಳತಿಯ ಮನೆಯಲ್ಲಿ ನಾಲ್ಕೈದು ಮಂದಿ ಸೇರಿ ತತ್ವಪದ ಹಾಡುತ್ತೇವೆ. ಏಕತಾರಿ ಇರಬೇಕಾದ ಜಾಗದಲ್ಲಿ ಇದು ಕೂರುತ್ತದೆ. ಫ್ರೆಟ್ ಒತ್ತದೆ ಎರಡು ತಂತಿಯನ್ನೂ ಮೀಟಿದರೆ ಹಾಡುವವರ ದನಿ ತಾನಾಗಿ ಶ್ರುತಿಯಲ್ಲಿ ನಿಲ್ಲುತ್ತದೆ. ಜೋರು ಹೆಜ್ಜೆಯ ಪದ ಬಂದಾಗ ಮಾತ್ರ ಫ್ರೆಟ್ ಮೇಲೆ ಕೈಯಾಡಿಸುತ್ತೇನೆ.

ಬ್ಯಾಂಡ್‌ನಲ್ಲಿ ನುಡಿಸುವ ಆಸೆ ಇದ್ದವರಿಗೆ ಇದನ್ನು ಹೇಳಲಾರೆ. ಅವರು ಇನ್ನಷ್ಟು ಹಣ ಸೇರಿಸಿ ನಾಲ್ಕು ತಂತಿಯ ಸೆಕೆಂಡ್ ಹ್ಯಾಂಡ್ ಬೇಸ್ ಕೊಳ್ಳುವುದು ಒಳ್ಳೆಯದು. ಮಾಡುತ್ತಾ ಕಲಿಯುವ ಇಷ್ಟ ಇದ್ದರೆ ಧೈರ್ಯವಾಗಿ ಮಾಡಿ. ಪೆಟ್ಟಿಗೆ ಯಾವುದಾದರೂ ನಡೆಯುತ್ತದೆ, ದಂಡಿಗೆ ಮಾತ್ರ ಚೌಕಾಸಿ ಬೇಡ.

ಬಾಗಿದ ಹಳೇ ದಂಡಿಯನ್ನು ನಾನು ಎಸೆದಿಲ್ಲ. ತಂತಿ ಬಿಚ್ಚಿಟ್ಟ ಮೇಲೆ ಅದು ಅರ್ಧಕ್ಕರ್ಧ ನೆಟ್ಟಗಾಗಿದೆ. ಫ್ರೆಟ್ ಕಿತ್ತು, ಗೀರುಗಳಿಗೆ ಮರದ ಪುಡಿ ಮತ್ತು ಅಂಟು ತುಂಬಿ ಉಜ್ಜಿಟ್ಟಿದ್ದೇನೆ. ಮೂರು ಸಪೂರ ತಂತಿ ಕಟ್ಟಿ, ಗೋಟುವಾದ್ಯದ ಹಾಗೆ ಗಾಜಿನ ತುಂಡು ಜಾರಿಸಿ ನುಡಿಸಬೇಕು. ಅದಕ್ಕೆ ಪೆಟ್ಟಿಗೆ ಮೊನ್ನೆ ತಂದಾಯಿತು, ಇದಂತೂ ಮೂರೇ ಡಾಲರ್.