ಬೀಟೆಯೆಂದು ಕೊಟ್ಟ ಹಲಸಿನ ಡೆಸ್ಕು

ಹಳೆಯ ಮರದ ಸಾಮಾನು ಮಾರುವ ಶಿವಮೊಗ್ಗದ ಅಂಗಡಿಯೊಂದರಿಂದ ಕಳೆದ ತಿಂಗಳು ಶಾನುಭೋಗರ ಡೆಸ್ಕು ತಂದೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಬರೆಯುವ, ಇಳಿಜಾರು ಮುಚ್ಚಳದ ಪೆಟ್ಟಿಗೆ. ಹೇಳಿದ ಬೆಲೆ 14,500 ರೂಪಾಯಿ. ಒಮ್ಮೆ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟವಳಂತೆ ನಟಿಸಿ 11,000ಕ್ಕೆ ಇಳಿಸಿದೆ.

‘ಬೀಟೆ ಮೇಡಂ, ಬ್ರಿಟಿಷರ ಕಾಲದ್ದು’ ಎಂದಿದ್ದರು. ಮನೆಯಲ್ಲಿ ಮಗುಚಿ ನೋಡಿದರೆ ಪಾಲಿಶ್ ತಾಗದ ತಳದ ಹಲಗೆ ಅರಿಸಿನ ಮಾಸಿದ ಬಣ್ಣ. ಹಲಸು! ಬೀಟೆಯಾಗಿದ್ದರೆ ನಾನೊಬ್ಬಳೇ ಅಷ್ಟು ಸಲೀಸಾಗಿ ಮಗುಚುತ್ತಿದ್ದೆನೇ? ಹಲಸೆಂದು ನನಗೆ ಬೇಸರವಿಲ್ಲ. ತೀರ್ಥಹಳ್ಳಿ ಕಡೆಯ ನಮ್ಮಜ್ಜನ ಡೆಸ್ಕೂ ಹಿತ್ತಲ ಹಲಸಿನದೇ. ಬೀಟೆಯ ದುಡ್ಡು ಎಣಿಸಿಕೊಂಡರಲ್ಲ, ಅದು ಬೇಸರ.

ಹೊಟ್ಟೆ ಉರಿದದ್ದು ಮುಚ್ಚಳ ನೋಡಿ. ಅಳಲೆಕಾಯಿ, ಅನ್ನಭೇದಿ ಸೇರಿಸಿ ಕಾಯಿಸಿದ ಶಾಯಿ ಮರಕ್ಕೆ ಇಳಿದರೆ ಕಪ್ಪಾಗಿ ಕೂತುಬಿಡುತ್ತದೆ. ಆ ಕಲೆಯನ್ನೇ ಯಂತ್ರ ಹಿಡಿದು ಉಜ್ಜಿ, ಕನ್ನಡಿಯಂತೆ ಹೊಳಪು ಕೊಟ್ಟಿದ್ದಾರೆ. ಪುಣ್ಯಕ್ಕೆ ಒಳಗೆ ಕೈ ಹೋಗಿಲ್ಲ. ಎಡಮೂಲೆಯಲ್ಲಿ ದೌತಿಯ ತಳ ಬಿಟ್ಟ ಕಪ್ಪು ಉಂಗುರ, ಪಕ್ಕದಲ್ಲಿ ಲೇಖನಿ ಮಲಗಿಸುವ ತೋಡು, ಹಿಂದೆ ಉದ್ದನೆಯ ಅಂಕಣ. ಅಜ್ಜನ ಡೆಸ್ಕಿನಲ್ಲಿ ಅಂಥ ಅಂಕಣ ಕಡತಕ್ಕಿತ್ತು: ಹುಣಿಸೆಬೀಜದ ಸರಿಯಲ್ಲಿ ಇದ್ದಿಲು ಕಲಸಿ ಬಳಿದ ಬಟ್ಟೆ, ಮಡಿಕೆ ಮಡಿಕೆಯಾಗಿ, ಬರೆಯುವುದು ಬಳಪದಲ್ಲಿ. ಕಚೇರಿಯ ಫೈಲನ್ನು ಇಂದಿಗೂ ಕಡತ ಎನ್ನುವುದು ಅದರಿಂದಲೇ.

1963ರ ಫೆಬ್ರವರಿಯಲ್ಲಿ ವಂಶಪಾರಂಪರ್ಯದ ಶಾನುಭೋಗಿಕೆ ರದ್ದಾದ ಮೇಲೆ ನಮ್ಮ ಮನೆಯ ಡೆಸ್ಕಿಗೂ ಕೆಲಸ ತಪ್ಪಿತು. ಅಜ್ಜಿ ಅದರಲ್ಲಿ ಒಣಗಿದ ಮುರುಗಲು ಸಿಪ್ಪೆ ತುಂಬಿಡುತ್ತಿದ್ದರು. ಮುಚ್ಚಳ ತೆರೆದರೆ ಬಾಯಲ್ಲಿ ನೀರು. ಮನೆ ಪಾಲಾದಾಗ ಅದು ಯಾರ ಕೈ ಸೇರಿತೋ.

ಸಾಗಣೆಯಲ್ಲಿ ಕೊರತೆಯಿಲ್ಲ: ಗೋಣಿ ಸುತ್ತಿ, ಆ ಮಳೆಯಲ್ಲೂ ಒಂದು ಹನಿ ತಾಗದಂತೆ ಆಟೋದಲ್ಲಿ ತಲುಪಿಸಿದರು. ಹಿತ್ತಾಳೆ ತಿರುಗಣಿ ಕಿತ್ತು ಮಿರಿಮಿರಿ ಮಿಂಚುವ ಹೊಸದನ್ನು ಹೊಡೆದಿದ್ದರು. ಜಗಳ ಆಡಿದ ಮೇಲೆ ಮೊಳೆಡಬ್ಬಿ ಕೆದಕಿ ಹಳೆಯದೊಂದನ್ನು ಕೊಟ್ಟರು. ಇನ್ನೊಂದು ಸಿಗಲಿಲ್ಲ.

ಹೋಗುವವರು ಹಿಂದಿನ ಶೆಡ್ಡು ತೋರಿಸಿ ಎಂದು ಕೇಳಿ. ಪಾಲಿಶ್ ಕಾಣದ ಇನ್ನೊಂದು ಡೆಸ್ಕು ಅಲ್ಲಿದೆ, ಒಂದು ಬದಿಗೆ ಹುಳು ಬಿದ್ದಿದೆ. 6,000 ಹೇಳುತ್ತಿದ್ದರು. ಶಾಯಿಯ ಕಲೆ ಮುಚ್ಚಳದ ತುಂಬ ಹಾಗೆಯೇ ಇದೆ.