ಎರಡು ಟ್ರೊಂಬೋನ್, ಸಂದಿಯಲ್ಲಿ ಬಾಖ್: ‘ಬಿಟ್ವಿಕ್ಸ್ಟ್ ಅಂಡ್ ಬಿಟ್ವೀನ್’

ಜಾಝ್ ಟ್ರೊಂಬೋನ್ ವಾದಕರಾದ ಜೆ.ಜೆ. ಜಾನ್ಸನ್ ಮತ್ತು ಕಾಯ್ ವಿಂಡಿಂಗ್ 1954ರಲ್ಲಿ ಜೋಡಿಯಾದವರು. ಕೆಲವು ವರ್ಷ ಒಟ್ಟಿಗೆ ನುಡಿಸಿ ತಂತಮ್ಮ ದಾರಿ ಹಿಡಿದ ಈ ಇಬ್ಬರನ್ನು ನಿರ್ಮಾಪಕ ಕ್ರೀಡ್ ಟೇಲರ್ 1968ರಲ್ಲಿ ಮತ್ತೆ ಕೂಡಿಸಿದ. ಆಗ ಹುಟ್ಟಿದ ಎರಡನೆಯ ಆಲ್ಬಮ್ ಇದು, ಧ್ವನಿಮುದ್ರಣ ತಜ್ಞ ರೂಡಿ ವ್ಯಾನ್ ಗೆಲ್ಡರ್‌ನ ಸ್ಟುಡಿಯೊದಲ್ಲಿ ಮುದ್ರಣವಾದದ್ದು. ಜನಪ್ರಿಯ ಹಾಡುಗಳ ಜೊತೆಗೆ ಹದಿನೆಂಟನೇ ಶತಮಾನದ ಜರ್ಮನ್ ಸಂಗೀತಗಾರ ಬಾಖ್‌ನ ಕೋರಾಲ್ (ಚರ್ಚಿನ ಹಾಡು), ಇನ್ವೆನ್ಶನ್ (ಕೀಬೋರ್ಡಿಗೆ ಬರೆದ ಕಿರು ರಚನೆ)ಗಳ ತುಣುಕುಗಳನ್ನು ಪೋಣಿಸಿದ್ದಾರೆ.

ಕೇಳುವ ಮೊದಲು ವಾದ್ಯದ ಕಷ್ಟ ತಿಳಿದಿದ್ದರೆ ಒಳ್ಳೆಯದು. ಹಿತ್ತಾಳೆಯ ಊದುವಾದ್ಯವಾದ ಟ್ರೊಂಬೋನಿನಲ್ಲಿ ಸ್ವರ ಹಿಡಿಯುವುದು ಸ್ಲೈಡಿನಿಂದ, ಅಂದರೆ ಮುಂದಕ್ಕೆ ಹಿಂದಕ್ಕೆ ಜಾರಿಸುವ ಕೊಳವೆಯಿಂದ. ಅದಕ್ಕೆ ಏಳು ಸ್ಥಾನ. ತಗ್ಗಿನ ಬಿ-ಫ್ಲಾಟ್ ಸ್ವರ ಒಂದನೇ ಸ್ಥಾನದಲ್ಲಿ ಸಿಗುತ್ತದೆ. ಅದರ ಪಕ್ಕದಲ್ಲೇ ಇರುವ ಬಿ ಬೇಕೆಂದರೆ ಏಳನೇ ಸ್ಥಾನ, ಅಂದರೆ ತೋಳು ಪೂರ್ತಿ ಚಾಚಬೇಕು. ಕೀಬೋರ್ಡಿನಲ್ಲಿ ಇದು ಪಕ್ಕದ ಬೆರಳಿನ ಕೆಲಸ! ಮೇಲಕ್ಕೆ ಹೋದಂತೆ ಒಂದೇ ಸ್ಥಾನದಲ್ಲಿ ಸಿಗುವ ಸ್ವರಗಳು ಹತ್ತಿರ ಹತ್ತಿರ ಬರುತ್ತವೆ, ಓಡಾಟ ತಗ್ಗುತ್ತದೆ. ಆದರೆ ಎಲ್ಲೇ ಇರಲಿ, ಸ್ಲೈಡ್ ಸರಿಯುವ ಹೊತ್ತಿಗೆ ನಾಲಿಗೆಯಿಂದ ‘ದ’ ಅನ್ನದಿದ್ದರೆ ಎರಡು ಸ್ವರಗಳ ನಡುವೆ ಬೇಡದ ಜಾರು ನುಸುಳಬಹುದು.

ಬಾಖ್‌ನ ಇನ್ವೆನ್ಶನ್‌ನಲ್ಲಿ ಇರುವುದು ಎರಡೇ ಎಳೆ. ಒಂದು ಹೇಳಿದ್ದನ್ನು ಇನ್ನೊಂದು ತುಸು ತಡವಾಗಿ ಹೇಳುತ್ತದೆ. ಇಬ್ಬರು ವಾದಕರಿಗೆ ಅಳತೆ ಕೊಟ್ಟು ಹೊಲಿಸಿದಂತಿದೆ, ನಾಲಿಗೆ ಚುರುಕಾಗಿದ್ದರೆ. ಜಾನ್ಸನ್ ಅದರಲ್ಲಿ ಪಳಗಿದ ಕೈ. ಶುರುವಿನಲ್ಲಿ ಆತನ ನುಡಿಸಾಟ ಕೇಳಿದವರು ಅದು ಸ್ಲೈಡಿನ ಬದಲು ಒತ್ತುಗುಂಡಿಗಳಿರುವ ವಾಲ್ವ್ ಟ್ರೊಂಬೋನ್ ಇರಬೇಕೆಂದು ತಿಳಿದದ್ದುಂಟು. ಇಬ್ಬರನ್ನು ಬೇರೆ ಮಾಡಿ ಗುರುತಿಸಲು ಒಂದು ಉಪಾಯ: ದುಂಡಗೆ, ಅಳೆದು ತೂಗಿ ಬರುವ ನಾದ ಜಾನ್ಸನ್‌ನದು, ಅಂಚಿನಲ್ಲಿ ಸ್ವಲ್ಪ ಒರಟಾಗಿ, ಮುನ್ನುಗ್ಗಿ ಬರುವುದು ವಿಂಡಿಂಗ್‌ನದು.

ಆದರೂ ನಮ್ಮ ಒಲವು ಕೋರಾಲ್‌ಗಳ ಕಡೆಗೇ. ಕೋರಾಲ್ ಹಾಡುಗಾರರಿಗಾಗಿ ಬರೆದದ್ದು, ಪ್ರತಿ ಸಾಲಿನ ಕೊನೆಗೂ ಉಸಿರೆಳೆದುಕೊಳ್ಳಲು ತಾವಿರುತ್ತದೆ. ಟ್ರೊಂಬೋನ್ ಕೂಡ ಉಸಿರಿನ ವಾದ್ಯವೇ. ಲೈಪ್ಜಿಗ್‌ನಲ್ಲಿ ಬಾಖ್ ಸ್ವತಃ ಕೆಲವು ಕಂಟಾಟಾಗಳಲ್ಲಿ (ಗಾಯಕರು, ವಾದ್ಯಗಳು ಕೂಡಿದ ರಚನೆಗಳಲ್ಲಿ) ಗಾಯಕರ ದನಿಗೆ ಟ್ರೊಂಬೋನ್ ಜೊತೆಗೂಡಿಸಿದ್ದ. ಹಾಗಾಗಿ ಈ ಬೆಸುಗೆ ಬಲವಂತದ್ದೆನಿಸುವುದಿಲ್ಲ.

ಹಾಡುಗಳ ವಿಷಯಕ್ಕೆ ಬಂದರೆ ಎಲ್ಲವೂ ಸಮನಾಗಿಲ್ಲ. ಬ್ರೆಜಿಲ್‌ನ ಎಡು ಲೋಬೊನ ‘ಕಾಸಾ ಫೋರ್ಟೆ’ಯಲ್ಲಿ ಕಸುವಿದೆ. ಅದೇ ದೇಶದ ಜೊಬಿಮ್‌ನ ‘ಮೊಹಾವೆ’ ಹಗುರ, ಚೆಂದ. ಆಗಷ್ಟೇ ಗೆದ್ದಿದ್ದ ‘ಸ್ಟಾರ್ಮಿ’ ಮಾತ್ರ ಲಿಫ್ಟಿನೊಳಗೆ ಕೇಳಿಬರುವ ಸಂಗೀತದ ಹತ್ತಿರ ಹೋಗಿಬಿಡುತ್ತದೆ. ಇನ್ನು ‘ಲಿಟ್ಲ್ ಡ್ರಮ್ಮರ್ ಬಾಯ್’ ಕ್ರಿಸ್‌ಮಸ್ ಹಾಡು, ವರ್ಷದಲ್ಲಿ ಒಂದು ತಿಂಗಳು ಕೇಳುವ ಹಾಡು, ಉಳಿದ ಹನ್ನೊಂದು ತಿಂಗಳು ದಾಟಿಸಿ ಮುಂದೆ ಹೋಗಿ.

ಬಾಖ್ ಪಕ್ಕದಲ್ಲಿ ಡ್ರಮ್ಸ್ ಕೂತರೂ ಕಿವಿಗೆ ಚುಚ್ಚದಿರಲು ಕಾರಣ ಲಯ. ಜಾಝ್‌ನ ಸ್ವಿಂಗ್ ಲಯದಲ್ಲಿ ಜೋಡಿ ಸ್ವರಗಳು ಒಂದು ಉದ್ದ, ಒಂದು ಗಿಡ್ಡ ಆಗುತ್ತವೆ; ಬ್ರೆಜಿಲ್‌ನ ಬಾಸಾ ನೋವಾ ಮತ್ತು ಆಗಿನ ರಾಕ್ ಲಯದಲ್ಲಿ ಬಾಖ್‌ನಂತೆಯೇ ಸಮ. ನಡಿಗೆ ಒಂದೇ ಆದ್ದರಿಂದ ಎಡವುವುದಿಲ್ಲ. ಹೊಲಿಗೆ ಕಾಣುವುದು ಬೇರೆ ಕಡೆ: ತುಣುಕುಗಳು ತೀರ ಚಿಕ್ಕವು. ಎಳೆಗಳು ಹೆಣೆದುಕೊಳ್ಳುತ್ತಿವೆ ಅನ್ನುವಷ್ಟರಲ್ಲಿ ಮುಗಿದುಹೋಗುತ್ತವೆ. ಮನೋಧರ್ಮದ ನುಡಿಸಾಟಕ್ಕೂ ಅದೇ ಗತಿ. ಉದ್ದನೆಯ ಸೋಲೊ ಬೇಕಿದ್ದವರು 1950ರ ದಶಕದಲ್ಲಿ ಇದೇ ಜೋಡಿ ಮಾಡಿದ ಕ್ವಿಂಟೆಟ್ (ಐವರ ತಂಡ) ಮುದ್ರಣಗಳಿಗೆ ಹೋಗುವುದು ಮೇಲು.

ಫೋನಿನ ಸ್ಪೀಕರಿನಲ್ಲಿ ಕೇಳಬೇಡಿ. ಬೇಸ್ ಮಾಯವಾಗಿ, ಟ್ರೊಂಬೋನಿನ ಹೊಟ್ಟೆಯ ನಾದ ಹೋಗಿ ತುತ್ತೂರಿಯಂತೆ ಉಳಿಯುತ್ತದೆ. ಹಳೆಯ ಎಲ್‌ಪಿ ಕೊಳ್ಳುವವರು ಪ್ರತಿ ಬದಿಯ ಕೊನೆಯ ಹಾಡನ್ನು ಹಾಕಿಸಿ ನೋಡಿ. ನಡುವಿನ ಲೇಬಲ್ ಹತ್ತಿರವಾದಂತೆ ಸೂಜಿಯ ಕೆಳಗೆ ಸದ್ದು ಕೊರೆದಿರುವ ಗೀರು ನಿಧಾನವಾಗಿ ಸರಿಯುತ್ತದೆ, ಅಷ್ಟೇ ಸದ್ದು ಚಿಕ್ಕ ಜಾಗದಲ್ಲಿ ಇರುಕಿಕೊಳ್ಳುತ್ತದೆ. ಗೀರು ಸವೆದಿದ್ದರೆ ಹಿತ್ತಾಳೆ ವಾದ್ಯದ ಏರುದನಿ ಅಲ್ಲಿಯೇ ಮೊದಲು ಚರಚರ ಅನ್ನುತ್ತದೆ. ತಟ್ಟೆ ಎಷ್ಟು ತೊಳೆದರೂ ಅದು ಹೋಗುವುದಿಲ್ಲ.